ಕಾರಿಲ್ಲದೆ ಬೆಂಗಳೂರು ನೋಡಿ, ಪಕ್ಕದ ರಾಜ್ಯಕ್ಕೂ ಹೋಗಿ ಬರೋದು ಹೇಗೆ?

ರಜೆ ಶುರುವಾಗಲಿ, ಊರಿಂದ ನೆಂಟರು ಬರಲಿ, ಪ್ರಶ್ನೆ ಇದೇ: ಕ್ಯಾಬ್ ಮಾಡಿಕೊಳ್ಳದೆ ಬೆಂಗಳೂರು ಸುತ್ತಿ, ಒಂದೆರಡು ದಿನ ಆಂಧ್ರಕ್ಕೋ ತಮಿಳುನಾಡಿಗೋ ಕಡಿಮೆ ದುಡ್ಡಲ್ಲಿ ಹೋಗಿ ಬರೋಕೆ ಆಗುತ್ತಾ? ಆರಾಮಾಗಿ ಆಗುತ್ತೆ. ಆದರೆ ಬಹಳ ಜನ ಉಳಿತಾಯ ಹುಡುಕುವ ಜಾಗವೇ ಸರಿಯಿಲ್ಲ. ಬಸ್ ಟಿಕೆಟಲ್ಲಿ ಐವತ್ತು ರೂಪಾಯಿ ಎಲ್ಲಿ ಕಡಿಮೆ ಅಂತ ನಾಲ್ಕು ಆ್ಯಪ್ ತಡಕಾಡುತ್ತಾರೆ. ದುಡ್ಡು ಸೋರುವುದು ಮನೆಯಿಂದ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ.

ಲೆಕ್ಕ ಹಾಕಿ ನೋಡಿ. 2025ರ ಆಗಸ್ಟ್‌ನಿಂದ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಮನೆ ಮೆಜೆಸ್ಟಿಕ್‌ನಿಂದ 12 ಕಿ.ಮೀ. ದೂರ ಇದ್ದರೆ 216 ರೂಪಾಯಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅಂದರೆ 324. ಇದು ಮೀಟರ್ ಹಾಕಿದರೆ. ಅಷ್ಟು ಹಣಕ್ಕೆ ಇಬ್ಬರು ರೈಲಿನಲ್ಲಿ ವೆಲ್ಲೂರು ಮುಟ್ಟಬಹುದು. ಹಾಗಾಗಿ ಮೊದಲು ಊರು ಆರಿಸಿ ಆಮೇಲೆ ದಾರಿ ಹುಡುಕಬೇಡಿ. ನಿಮ್ಮ ಮನೆಗೆ ಯಾವ ಮೆಟ್ರೋ ಹತ್ತಿರ, ಅದು ಯಾವ ಸ್ಟೇಷನ್ನಿಗೆ ಮುಟ್ಟಿಸುತ್ತೆ ಅನ್ನೋದು ಮೊದಲು. ಯಾವ ಊರು ಅನ್ನೋದು ಅದರ ಹಿಂದೆಯೇ ತೀರ್ಮಾನ ಆಗುತ್ತೆ.

ಬೆಂಗಳೂರಿನ ಒಳಗೂ ಇದೇ ನಿಯಮ. ಒಂದೇ ದಿನದಲ್ಲಿ ಇಸ್ಕಾನ್, ಬನ್ನೇರುಘಟ್ಟ, ಅರಮನೆ ಅಂತ ಪಟ್ಟಿ ಮಾಡಿದರೆ ಅರ್ಧ ದಿನ ಸಿಗ್ನಲ್ಲಿನಲ್ಲಿ ಕಳೆಯುತ್ತೆ. ಒಂದು ದಿನಕ್ಕೆ ಒಂದೇ ಮೆಟ್ರೋ ಲೈನ್ ಹಿಡಿಯಿರಿ. ಮೊದಲ ಸಲ ನೋಡುವವರಿಗೆ ಹಸಿರು ಮಾರ್ಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಈ ಮೂರು ನಿಲ್ದಾಣಗಳು ಸಾಲಾಗಿವೆ.

ಬೆಳಿಗ್ಗೆ ಬೇಗ ಮಾರ್ಕೆಟ್ಟಿನಲ್ಲಿ ಇಳಿಯಿರಿ. ಹೂವಿನ ವ್ಯಾಪಾರ ಬಿಸಿಲೇರುವ ಮೊದಲೇ ಜೋರು. ಚೆಂಡುಹೂ, ಸೇವಂತಿಗೆ ಮೂಟೆ ಬಿಚ್ಚುವುದು, ಕನಕಾಂಬರ ಕಟ್ಟುವುದು ಎಲ್ಲ ಆಗಲೇ. ಭಾನುವಾರ ಮಾತ್ರ ಮೆಟ್ರೋ 7 ಗಂಟೆಗೆ ಶುರುವಾಗುತ್ತೆ, ಆದ್ದರಿಂದ ಈ ಸುತ್ತಿಗೆ ಶನಿವಾರ ಅಥವಾ ವಾರದ ದಿನ ವಾಸಿ. ಅಲ್ಲಿಂದ ನಡೆದರೆ ಕೋಟೆಯ ಉಳಿದ ತುಂಡು ಸಿಗುತ್ತೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನದಾಗಿ ಮಾಡಿಸಿದ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಅದನ್ನು ಒಡೆಯಿತು. ಇನ್ನೊಂದು ಹತ್ತು ನಿಮಿಷ ನಡೆದರೆ ಕೋಟೆ ವೆಂಕಟರಮಣ ಸ್ವಾಮಿ ಗುಡಿ, ಅದಕ್ಕೆ ಅಂಟಿಕೊಂಡೇ ಟಿಪ್ಪುವಿನ ಬೇಸಿಗೆ ಅರಮನೆ. ಅದು ಮುಗಿದಿದ್ದೂ 1791ರಲ್ಲೇ. ಬಹಳ ಜನ ಹತ್ತು ನಿಮಿಷದಲ್ಲಿ ಫೋಟೋ ತೆಗೆದು ಹೊರಡುತ್ತಾರೆ. ಸ್ವಲ್ಪ ನಿಲ್ಲಿ. ತೇಗದ ಕಂಬಗಳ ನಡುವೆ ಕಮಾನು ಹೇಗೆ ಕೂತಿದೆ ನೋಡಿ, ಮೇಲಿನ ಮೊಗಸಾಲೆಗೆ ಹೋಗಿ ಗೋಡೆಗೆ ಹತ್ತಿರ ನಿಲ್ಲಿ. ಮಾಸಿದ ಬಣ್ಣದ ಕೆಳಗೆ ಹೂಬಳ್ಳಿಗಳ ಗೆರೆ ಈಗಲೂ ಕಾಣುತ್ತೆ.

ವಾಪಸ್ ಮಾರ್ಕೆಟ್ ನಿಲ್ದಾಣಕ್ಕೆ ಬಂದು ನ್ಯಾಷನಲ್ ಕಾಲೇಜಿಗೆ ಒಂದು ಸ್ಟಾಪ್. 2025ರ ಫೆಬ್ರುವರಿ ಪರಿಷ್ಕರಣೆಯ ಪ್ರಕಾರ ಮೆಟ್ರೋದ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5 ಕಡಿಮೆ. ಗಾಂಧಿ ಬಜಾರ್, ಬ್ಯೂಗಲ್ ರಾಕ್, ದೊಡ್ಡ ಗಣಪತಿ, ದೊಡ್ಡ ಬಸವಣ್ಣ ಎಲ್ಲ ನಡಿಗೆಯ ದೂರ. ತಿಂಡಿಗೆ ವಿದ್ಯಾರ್ಥಿ ಭವನ ಅಂದುಕೊಂಡಿದ್ದರೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಲಾಲ್‌ಬಾಗಿನಲ್ಲಿ ಗಾಜಿನ ಮನೆಯ ಜೊತೆಗೆ ಕೆಂಪೇಗೌಡ ಗೋಪುರ ಇರುವ ಬಂಡೆಯನ್ನೂ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಂಜೆ ಹತ್ತಿದರೆ ಊರಿನ ನಾಲ್ಕೂ ದಿಕ್ಕು ಕಾಣುತ್ತೆ. ಮಧ್ಯಾಹ್ನ ಬೇಡ, ಕಲ್ಲು ಕಾದಿರುತ್ತೆ.

ಎರಡನೇ ದಿನಕ್ಕೆ ನೇರಳೆ ಮಾರ್ಗ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ಅಠಾರಾ ಕಚೇರಿ, ವಿಧಾನಸೌಧ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತೆ. ಮಕ್ಕಳಿದ್ದರೆ ಮ್ಯೂಸಿಯಂ ಒಂದಕ್ಕೇ ಮೂರು ಗಂಟೆ ಇಟ್ಟುಕೊಳ್ಳಿ. ತಾರಾಲಯಕ್ಕೂ ಅರಮನೆ ರಸ್ತೆಯ ಆಧುನಿಕ ಕಲಾ ಗ್ಯಾಲರಿಗೂ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ. ಬನ್ನೇರುಘಟ್ಟವನ್ನು ಬೇರೆ ಯಾವುದರ ಜೊತೆಗೂ ಸೇರಿಸಬೇಡಿ. ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ ಹಿಡಿದು ಬೆಳಿಗ್ಗೆಯೇ ಹೋಗಿ, ಅದಕ್ಕೊಂದು ಪೂರ್ತಿ ದಿನ ಬೇಕು.

ಇನ್ನು ಹೊರರಾಜ್ಯ. ಇಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಸ್ಟೇಷನ್ ಅದಲುಬದಲು. ಟಿಕೆಟ್ಟಿನಲ್ಲಿ ಎಸ್‌ಎಂವಿಟಿ ಬೆಂಗಳೂರು ಅಂತ ಇದ್ದರೆ ಅದು 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್. ಬೈಯಪ್ಪನಹಳ್ಳಿ ಮೆಟ್ರೋ ಪಕ್ಕದಲ್ಲೇ ಇರುವ ಹಳೆಯ ಬೈಯಪ್ಪನಹಳ್ಳಿ ರೈಲು ನಿಲ್ದಾಣ ಬೇರೆ, ಈ ಟರ್ಮಿನಲ್ ಬೇರೆ. ಮೆಟ್ರೋದಿಂದ ಅಲ್ಲಿಗೆ ಇನ್ನೂ ಎರಡು ಮೂರು ಕಿ.ಮೀ. ಇದೆ. ಮೆಟ್ರೋ ಇಳಿದ ತಕ್ಷಣ ಪ್ಲಾಟ್‌ಫಾರ್ಮ್ ಸಿಗುತ್ತೆ ಅಂದುಕೊಂಡವರು ಕೊನೇ ಹತ್ತು ನಿಮಿಷದಲ್ಲಿ ಆಟೋಗೆ ಕೇಳಿದಷ್ಟು ಕೊಟ್ಟು ಓಡುತ್ತಾರೆ. ಮೆಟ್ರೋಗೆ ನಿಜವಾಗಿ ಹತ್ತಿರ ಇರುವವು ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ (ಹಳೆಯ ಸಿಟಿ ಸ್ಟೇಷನ್), ಯಶವಂತಪುರ ಮತ್ತು ಕೆ.ಆರ್. ಪುರ. ವೈಟ್‌ಫೀಲ್ಡ್ ಕಡೆಯವರು ಮೆಜೆಸ್ಟಿಕ್‌ವರೆಗೆ ಬರುವ ಅಗತ್ಯವೇ ಇಲ್ಲ. ಚೆನ್ನೈ ಕಡೆಯ ಎಷ್ಟೋ ರೈಲುಗಳು ಕೆ.ಆರ್. ಪುರದಲ್ಲಿ ನಿಲ್ಲುತ್ತವೆ, ಬುಕ್ ಮಾಡುವಾಗ ಹತ್ತುವ ಸ್ಟೇಷನ್ ಅದನ್ನೇ ಹಾಕಿ. ಇನ್ನೊಂದು ತಪ್ಪು ತಾರೀಖಿನದು. ಶನಿವಾರ ರಾತ್ರಿ 12.15ರ ರೈಲು ಅಂದರೆ ಟಿಕೆಟ್ ಭಾನುವಾರದ ತಾರೀಖಿಗೆ ಇರಬೇಕು.

ಒಂದೇ ದಿನದಲ್ಲಿ ಹೋಗಿ ಬರೋದಕ್ಕೆ ಮೊದಲ ಹೆಸರು ಲೇಪಾಕ್ಷಿ. ಆಂಧ್ರದ ಹಿಂದೂಪುರದಿಂದ ಸುಮಾರು 15 ಕಿ.ಮೀ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹೋಗುವ ರೈಲು ದಾರಿ ಹಿಂದೂಪುರಕ್ಕೆ ಹೋಗುತ್ತೆ. ಎಕ್ಸ್‌ಪ್ರೆಸ್ಸಿನ ಜನರಲ್ ಟಿಕೆಟ್ಟೂ ನೂರು ರೂಪಾಯಿ ದಾಟುವುದಿಲ್ಲ, ಪ್ಯಾಸೆಂಜರ್ ಇನ್ನೂ ಅಗ್ಗ. ಆದರೆ ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಬೇಡಿ. ಸಿಕ್ಕಿಬಿದ್ದರೆ ದಂಡವೇ ಕನಿಷ್ಠ 250 ರೂಪಾಯಿ, ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳೋಕೂ ಆಗಲ್ಲ. ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು.

ಹೆಂಗಸರಿಗೆ ಇನ್ನೂ ಕಡಿಮೆ ಖರ್ಚಿನ ದಾರಿ ಇದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗೆ ಇಲ್ಲ, ರಾಜಹಂಸ ಮತ್ತು ಎಸಿ ಬಸ್ಸಿಗೂ ಇಲ್ಲ. ಆದರೆ ಗೌರಿಬಿದನೂರು ನಮ್ಮದೇ ರಾಜ್ಯ. ಅಲ್ಲಿವರೆಗೆ ಕೆಂಪು ಬಸ್ಸಿನಲ್ಲಿ ಕರ್ನಾಟಕದ ವಿಳಾಸದ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಿರಿ, ಮುಂದಕ್ಕೆ ಹಿಂದೂಪುರದವರೆಗೆ ಮಾತ್ರ ದುಡ್ಡು ಕೊಡಿ. ಸಮಯ ಇದ್ದರೆ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಇಳಿಯಿರಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು.

ಲೇಪಾಕ್ಷಿಯ ವೀರಭದ್ರ ಗುಡಿಯನ್ನು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಅನ್ನುವ ಅಣ್ಣತಮ್ಮಂದಿರು ಕಟ್ಟಿಸಿದರು. ಎಲ್ಲರೂ ನೆಲಕ್ಕೆ ಪೂರ್ತಿ ತಾಗದ ತೂಗುಕಂಬದ ಕೆಳಗೆ ಬಟ್ಟೆ ಎಳೆದು ಹೊರಡುತ್ತಾರೆ, ಬೇಜಾರಾಗುತ್ತೆ. ಅದೇ ಮಂಟಪದಲ್ಲಿ ಕತ್ತೆತ್ತಿ ನೋಡಿ. ಚಾವಣಿಯ ಚಿತ್ರಗಳಲ್ಲಿ ಹೆಂಗಸರ ಸೀರೆಯ ಅಂಚು, ಒಡಲಿನ ವಿನ್ಯಾಸ ಒಂದೊಂದೂ ಬೇರೆ ಬೇರೆ. ವಿಜಯನಗರದ ವರ್ಣಚಿತ್ರ ಇಷ್ಟು ಹತ್ತಿರದಿಂದ ಸಿಗುವ ಜಾಗ ಕಡಿಮೆ. ಅರ್ಧಕ್ಕೆ ನಿಂತ ಕಲ್ಯಾಣ ಮಂಟಪ, ಏಳು ಹೆಡೆಯ ನಾಗಲಿಂಗ ನೋಡಿಕೊಂಡು ಹೊರಗಿನ ಏಕಶಿಲಾ ನಂದಿಯ ಹತ್ತಿರ ನಡೆದು ಹೋಗಿ. ಚಪ್ಪಲಿ ಬಿಟ್ಟು ನಡೆಯಬೇಕಾದ್ದೆಲ್ಲ ಬಂಡೆ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಅಂಗಾಲು ಸುಡುತ್ತೆ, ಒಂದು ಜೊತೆ ಕಾಲುಚೀಲ ಬ್ಯಾಗಲ್ಲಿರಲಿ.

ತಮಿಳುನಾಡಿಗೆ ಒಂದು ದಿನ ಅಂದರೆ ವೆಲ್ಲೂರು. ಕೆಎಸ್‌ಆರ್‌ನಿಂದ ಬೆಳಿಗ್ಗೆ ಆರರ ಆಸುಪಾಸಿಗೆ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತರ ಹೊತ್ತಿಗೆ ಕಾಟ್ಪಾಡಿ ಮುಟ್ಟಿಸುತ್ತೆ. ಅದೇ ಹೆಸರಿನ ರೈಲು ಸಂಜೆ ಐದರ ಸುಮಾರಿಗೆ ಕಾಟ್ಪಾಡಿಗೆ ಬಂದು ರಾತ್ರಿ ಒಂಬತ್ತು ದಾಟುವಾಗ ಬೆಂಗಳೂರಿಗೆ ತರುತ್ತೆ, ಮೆಟ್ರೋ ಇನ್ನೂ ಓಡುತ್ತಿರುತ್ತೆ. ಸೆಕೆಂಡ್ ಸಿಟ್ಟಿಂಗ್ ಟಿಕೆಟ್ ನೂರೈವತ್ತರ ಆಸುಪಾಸು. ಬುಕಿಂಗ್ 60 ದಿನ ಮೊದಲು ತೆರೆಯುತ್ತೆ, ಹೋಗುವುದು ಬರುವುದು ಎರಡನ್ನೂ ಒಟ್ಟಿಗೆ ಮಾಡಿಬಿಡಿ. ವೆಲ್ಲೂರು ಅಂತ ಹುಡುಕಬೇಡಿ, ಇಳಿಯಬೇಕಾದ್ದು ಕಾಟ್ಪಾಡಿ. ಅಲ್ಲಿಂದ ಊರೊಳಗಿನ ಕೋಟೆಗೆ ಟೌನ್ ಬಸ್ ಇದೆ. ಕೋಟೆಯೊಳಗಿನ ಜಲಕಂಠೇಶ್ವರ ಗುಡಿಯ ಕಲ್ಯಾಣ ಮಂಟಪದ ಯಾಳಿಗಳನ್ನು ಸಾವಧಾನವಾಗಿ ನೋಡಿ. ಬೆಂಗಳೂರಿನಲ್ಲಿ ಟಿಪ್ಪು ಅರಮನೆ ನೋಡಿ ಬಂದವರಿಗೆ ಈ ಕೋಟೆ ಆ ಕಥೆಯ ಮುಂದಿನ ಭಾಗ. 1799ರ ನಂತರ ಟಿಪ್ಪುವಿನ ಕುಟುಂಬವನ್ನು ಇರಿಸಿದ್ದು ಇಲ್ಲೇ, 1806ರ ಸಿಪಾಯಿಗಳ ದಂಗೆ ಎದ್ದದ್ದೂ ಇಲ್ಲೇ. ಮ್ಯೂಸಿಯಂ ನೋಡಬೇಕಿದ್ದರೆ ಶುಕ್ರವಾರ ಬಿಟ್ಟು ಹೋಗಿ.

ಹೊಗೇನಕಲ್, ತಿರುವಣ್ಣಾಮಲೈ, ಸೇಲಂ ಕಡೆಗೆ ಹೊರಟವರು ಬೆಂಗಳೂರಲ್ಲೇ ಬಸ್ ಹತ್ತಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂರುವ ಬದಲು ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರಕ್ಕೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಹೊಸೂರು ಸೇರಲಿ. ಹೊಸೂರು ಸ್ಟ್ಯಾಂಡಿನಿಂದ ತಮಿಳುನಾಡು ಸರ್ಕಾರಿ ಬಸ್ ಒಂದರ ಹಿಂದೆ ಒಂದು ಸಿಗುತ್ತೆ, ದರವೂ ನಮ್ಮದಕ್ಕಿಂತ ಕಡಿಮೆ. ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿ ಗೇಟು ತೆರೆದ ಸುದ್ದಿ ಬಂದರೆ ಹೊಗೇನಕಲ್ ಮುಂದೂಡಿ. ಆ ನೀರು ಹೋಗುವುದು ಅಲ್ಲಿಗೇ, ತೆಪ್ಪ ನಿಲ್ಲಿಸಿಬಿಡುತ್ತಾರೆ. ತಿರುವಣ್ಣಾಮಲೈಯಲ್ಲಿ ಹುಣ್ಣಿಮೆಗೆ ಗಿರಿ ಪ್ರದಕ್ಷಿಣೆಯ ಜನಜಂಗುಳಿ, ಅದೇ ಬೇಕು ಅನ್ನುವವರು ಹೋಗಲಿ. ಗುಡಿ ನೋಡುವುದಷ್ಟೇ ಉದ್ದೇಶವಾದರೆ ಬೇರೆ ದಿನ ಸಲೀಸು.

ಕೆಎಸ್ಆರ್‌ಟಿಸಿಯಲ್ಲಿ ಹೊರಡುವವರು ಎರಡು ರಿಯಾಯಿತಿ ಮರೆಯಬೇಡಿ. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿದರೆ ಶೇ 5, ಹೋಗುವ ಜೊತೆಗೇ ವಾಪಸ್ ಟಿಕೆಟ್ ಮಾಡಿದರೆ ಅದರ ಮೇಲೆ ಶೇ 10. ಹತ್ತುವ ಜಾಗ ಓದಿಕೊಳ್ಳಿ, ಎಲ್ಲ ಬಸ್ಸೂ ಮೆಜೆಸ್ಟಿಕ್‌ನಿಂದ ಹೊರಡಲ್ಲ. ಮೈಸೂರು ದಾರಿಯ ಊಟಿ, ವಯನಾಡು ಬಸ್ಸುಗಳಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಸ್ಟ್ಯಾಂಡು. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತೆ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಹಗಲಿನ ಬಸ್ಸೇ ಹಿಡಿಯಿರಿ, ಕಾಡೂ ಕಾಣುತ್ತೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಕಾರುಗಳಿಗೆ ಇ-ಪಾಸ್ ಕಡ್ಡಾಯ, ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಆ ತಾಪತ್ರಯವಿಲ್ಲ. ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷಿದ್ಧ, ಸ್ಟೀಲ್ ಬಾಟಲಿ ತುಂಬಿಸಿಕೊಂಡು ಹೊರಡಿ. ಭಾನುವಾರ ರಾತ್ರಿ ಹೊರಟು ವಾಪಸಾಗುವವರಿಗೆ ಇನ್ನೊಂದು ಅನುಕೂಲ: 2025ರ ಜನವರಿಯಿಂದ ಸೋಮವಾರ ಮೆಟ್ರೋ ಬೆಳಿಗ್ಗೆ 4.15ಕ್ಕೇ ಶುರುವಾಗುತ್ತೆ. ಮೆಜೆಸ್ಟಿಕ್‌ನಲ್ಲಿ ನಾಲ್ಕಕ್ಕೆ ಇಳಿದರೆ ಒಂದೂವರೆ ಪಟ್ಟು ಆಟೋ ಹತ್ತಬೇಡಿ, ಒಂದು ಕಾಫಿ ಕುಡಿದು ಮೆಟ್ರೋ ಗೇಟಿನ ಹತ್ತಿರ ಕಾಯಿರಿ.