ರಾತ್ರಿ ಕೈಕೊಡುವ ಫ್ರಿಜ್: ಕ್ವಾರ್ಟ್ಸ್‌ಸೈಟ್‌ನಿಂದ ವ್ಯಾನ್ ಅಪ್‌ಡೇಟ್

ನಾನು ಮನೆಯಂತೆ ಸಜ್ಜು ಮಾಡಿಕೊಳ್ಳುತ್ತಿರುವ ವ್ಯಾನಿನ ಫ್ರಿಜ್ ಕೊನೆಗೂ ರಾತ್ರಿಯಿಡೀ ಓಡಿತು. ಇನ್ಸುಲೇಷನ್, ಫ್ಲೋರಿಂಗ್, ಸೋಲಾರ್ ಪ್ಯಾನೆಲ್ ಕೂರಿಸಿದ ಕಥೆ ಬಿಟ್ಟುಬಿಡುತ್ತೇನೆ, ನೀವೂ ಅದೆಲ್ಲ ಮಾಡಿದವರೇ ಅಲ್ವಾ. ಈ ಸಲದ್ದು ಪೂರ್ತಿ ಒಂದು ವೈರಿನ ಗೋಳು.

ವ್ಯಾನ್ ಈಗ ನಿಂತಿರುವುದು ಅರಿಜೋನಾದ ಕ್ವಾರ್ಟ್ಸ್‌ಸೈಟ್ ಊರಿನ ಪಕ್ಕ, ಲಾ ಪೋಸಾ ಬಯಲಿನಲ್ಲಿ. ಫೀನಿಕ್ಸ್‌ನಿಂದ ಐ-10 ಹಿಡಿದರೆ ಸುಮಾರು 200 ಕಿ.ಮೀ. ಫೆಡರಲ್ ಸರ್ಕಾರದ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಸೀಸನ್‌ಗೆ 180 ಡಾಲರ್, 14 ದಿನಕ್ಕಾದರೆ 40. ನಾನು 40ರ ಗಿರಾಕಿ. ಕರೆಂಟ್ ಕನೆಕ್ಷನ್ ಇಲ್ಲ, ಬಯಲು ನೋಡಿ ನಿಲ್ಲಿಸಿಕೊಳ್ಳುವುದು. ಅಕ್ಟೋಬರ್ ಬಂತೆಂದರೆ ಮಿನ್ನೆಸೋಟಾ, ಕೆನಡಾ ಕಡೆಯ ರಿಟೈರ್ಡ್ ಜನ ಚಳಿ ತಪ್ಪಿಸಿಕೊಂಡು ಬಂದು ಇಳಿಯಲು ಶುರು. ಟ್ರೇಲರ್ ಮುಂದೆ ಕಾರ್ಪೆಟ್ ಹಾಸಿ, ಸುತ್ತ ಕಲ್ಲು ಜೋಡಿಸಿ ಅಂಗಳ ಮಾಡಿ, ಹೆಸರಿನ ಬೋರ್ಡ್ ನೆಟ್ಟರೆ ಬೇಸಿಗೆವರೆಗೂ ಅದೇ ಮನೆ.

ಸಮಸ್ಯೆ ಹೀಗಿತ್ತು. ಹಗಲೆಲ್ಲ, ಸೋಲಾರ್‌ನಿಂದ ಚಾರ್ಜ್ ಆಗುತ್ತಿರುವಾಗ, ಫ್ರಿಜ್ ಆರಾಮಾಗಿ ಓಡುತ್ತಿತ್ತು. ಹೊತ್ತು ಮುಳುಗಿ ಒಂದೆರಡು ಗಂಟೆಗೆ ಲೋ ವೋಲ್ಟೇಜ್ ಎರರ್ ಹಾಕಿ ಆಫ್. ಎದ್ದು ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.4 ವೋಲ್ಟ್, ಫ್ರಿಜ್ ಪ್ಲಗ್‌ನಲ್ಲೂ 12.4. ಏನು ಕಮ್ಮಿ ಆಗಿದೆ ನಿನಗೆ ಅಂತ ಕೇಳೋಣ ಅನ್ನಿಸುತ್ತಿತ್ತು. ಬೆಳಗ್ಗೆ ಮುಚ್ಚಳ ತೆಗೆದರೆ ದೋಸೆ ಹಿಟ್ಟು ಹುಳಿ ಬಂದು, ಡಬ್ಬದಿಂದ ಉಕ್ಕಿ, ಪಕ್ಕದ ಮೊಸರಿನ ಡಬ್ಬದ ಸುತ್ತ ಅಂಟಿಕೊಂಡಿತ್ತು. ಆ ಸಂದುಗಳಿಂದ ಅದನ್ನು ತೆಗೆಯಲು ಹಲ್ಲುಜ್ಜುವ ಬ್ರಷ್ಷೇ ಬೇಕಾಯಿತು.

ಇಲ್ಲಿ ಟೂಲ್‌ಬಾಕ್ಸ್ ಹೊರಗಿಟ್ಟರೆ ಸಾಕು, ಜನ ತಮ್ಮ ಕುರ್ಚಿ ತಾವೇ ತಂದುಕೊಂಡು ಸುತ್ತ ಕೂರುತ್ತಾರೆ. ಒಬ್ಬರು ಫ್ರಿಜ್ಜೇ ಡಬ್ಬಾ ಅಂದರು. ಇನ್ನೊಬ್ಬರು ನಿನ್ನ ಎಜಿಎಂ (ಸೀಸದ) ಬ್ಯಾಟರಿ ಬಿಸಾಕಿ ಲಿಥಿಯಂ ಹಾಕಿ ಅಂದರು. ಹಾಕಿದ್ದರೆ ಫ್ರಿಜ್ ಓಡಿರುತ್ತಿತ್ತು ಕೂಡ. ಲಿಥಿಯಂ 13 ವೋಲ್ಟ್ ಆಸುಪಾಸಲ್ಲೇ ನಿಲ್ಲುವುದರಿಂದ ರೋಗ ಮುಚ್ಚಿಹೋಗುತ್ತಿತ್ತು, ವಾಸಿ ಆಗುತ್ತಿರಲಿಲ್ಲ. ಫ್ರಿಜ್ ಎಷ್ಟು ವೋಲ್ಟೇಜಿಗೆ ಆಫ್ ಆಗಬೇಕು ಅನ್ನುವ ಕಟ್-ಆಫ್ ಸೆಟ್ಟಿಂಗ್ ಲೋಗೆ ಇಳಿಸಿ ಅಂದವರೂ ಇದ್ದರು. ಅದೂ ಅದೇ ಕಥೆ.

ಪಕ್ಕದ ಟ್ರೇಲರಿನ ಅಜ್ಜ ಮಾತ್ರ ಸುಮ್ಮನೆ ಕೂತಿದ್ದರು. ವರ್ಷಾವರ್ಷ ಇಲ್ಲೇ ಚಳಿಗಾಲ ಕಳೆಯುವ ರಿಟೈರ್ಡ್ ಎಲೆಕ್ಟ್ರಿಷಿಯನ್. ಕೇಳಿದ್ದು ಒಂದೇ ಪ್ರಶ್ನೆ: "ಕಂಪ್ರೆಸರ್ ಓಡುವಾಗ ಎಷ್ಟಿದೆ?"

ಅಲ್ಲೇ ಇತ್ತು ಮರ್ಮ. ಫ್ರಿಜ್ ನಿಂತ ಮೇಲೆ ವೈರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಡ್ರಾಪ್, ಅಂದರೆ ದಾರಿಯಲ್ಲಿ ಸೋರುವ ವೋಲ್ಟೇಜ್, ಕೂಡ ಇರುವುದಿಲ್ಲ. ಎರಡೂ ತುದಿ ಒಂದೇ ತೋರಿಸುತ್ತವೆ. ಸಂಜೆ ಅವರ ಹೆಂಡತಿ ಬ್ಯಾಟರಿ ಹತ್ತಿರ ಒಂದು ಮೀಟರ್ ಹಿಡಿದರು, ಅಜ್ಜ ಫ್ರಿಜ್ ಹತ್ತಿರ ವೈರಿಗೆ ಗುಂಡುಪಿನ್ ಚುಚ್ಚಿ ಇನ್ನೊಂದು. ಕಂಪ್ರೆಸರ್ ಶುರುವಾಯಿತು. ಅಜ್ಜಿ "12.4" ಅಂತ ಕೂಗಿದರು. ಇಲ್ಲಿ 11.2. ಎಲ್ಲರ ಮುಖದಲ್ಲೂ ಕಳ್ಳ ಸಿಕ್ಕ ಖುಷಿ.

ಲೆಕ್ಕ ನೋಡಿ. 16 ಗೇಜ್ ವೈರ್ (ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ), ಹೋಗಿ ಬರುವ ದಾರಿ ಸೇರಿ 10 ಮೀಟರ್, ಕರೆಂಟ್ 5 ಆಂಪ್. ಅಪ್ಪಟ ತಾಮ್ರ ಆಗಿದ್ದರೆ 0.65 ವೋಲ್ಟ್ ಹತ್ತಿರ ಹೋಗಬೇಕಿತ್ತು. 1.2 ಹೇಗೆ? ಅಜ್ಜ ಬ್ಲೇಡಿನಲ್ಲಿ ಒಂದು ಎಳೆ ಕೆರೆದರು. ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ, ಮೇಲೆ ಬರೀ ತಾಮ್ರದ ಲೇಪ! ಲೈಟರ್ ಹಿಡಿದರೆ ಎಳೆ ಬಾಗಿ ತುಂಡಾಗಿ ಬಿತ್ತು. ತಾಮ್ರ ಆಗಿದ್ದರೆ ಕೆಂಪಗೆ ಕಾದು ನಿಲ್ಲುತ್ತಿತ್ತು. ಈ ವೈರಿನಲ್ಲೇ 1 ವೋಲ್ಟ್ ಹೋಗುತ್ತಿತ್ತು. ಉಳಿದದ್ದನ್ನು ಫ್ರಿಜ್ ಪ್ಲಗ್ ಸಿಕ್ಕಿಸಿದ್ದ ಸಡಿಲವಾದ ಸಿಗರೇಟ್ ಲೈಟರ್ ಸಾಕೆಟ್ ನುಂಗುತ್ತಿತ್ತು.

ಆನ್‌ಲೈನ್‌ನಲ್ಲಿ ಕೊಂಡ ವೈರ್. ರೀಲ್ ಮೇಲೆ ದೊಡ್ಡದಾಗಿ "100% ತಾಮ್ರ" ಅಂತಿದೆ. ದೂರು ಕೊಟ್ಟರೆ, ಬಿಚ್ಚದ ಪ್ಯಾಕೆಟ್ಟಿನ ಫೋಟೋ ಕಳಿಸಿ ಅಂತಾರೆ. ವ್ಯಾನಿನ ಗೋಡೆಯೊಳಗೆ ಹೋದ ವೈರಿಗೆ ಪ್ಯಾಕೆಟ್ ಎಲ್ಲಿಂದ ತರಲಿ ಮಾರಾಯ್ರೆ?

10 ಗೇಜ್ ತಾಮ್ರದ ವೈರ್ ಅಜ್ಜನ ಡಬ್ಬದಲ್ಲೇ ಇತ್ತು. ದುಡ್ಡು ಬೇಡ ಅಂದರು, ಬದಲಿಗೆ ಕೂಲಿ ಹೇಳಿದರು. ಆಚೆ ಸಾಲಿನ ಒಬ್ಬ ಅಜ್ಜಿಯ ಟ್ರೇಲರಿನಲ್ಲಿ ನೀರಿನ ಪಂಪ್ ಹಾಕಿದರೆ ಲೈಟ್ ಮಂಕಾಗುತ್ತಿತ್ತಂತೆ. ಅಜ್ಜನಿಗೆ ಮಂಡಿ ಬಗ್ಗುವುದಿಲ್ಲ, ನಾನು ಟ್ರೇಲರಿನ ಕೆಳಗೆ ನುಸುಳಬೇಕು. ನುಸುಳಿದೆ. ಕರೆಂಟ್ ವಾಪಸ್ ಹೋಗುವ ದಾರಿಯ ಅರ್ತಿಂಗ್ ಬೋಲ್ಟ್ ಪೂರ್ತಿ ತುಕ್ಕು. ಉಪ್ಪುಕಾಗದ ಹಾಕಿ ಉಜ್ಜುವಾಗ ಅರ್ಧ ತುಕ್ಕು ನನ್ನ ಕಣ್ಣಿಗೇ ಬಿತ್ತು. ಅಲ್ಲಿಂದ ನನಗೆ ಈ ಸಾಲಿನಲ್ಲಿ ಹೊಸ ಹೆಸರು ಬಂದಿದೆ, ಇನ್ನೂ ಇಬ್ಬರು ಬುಕಿಂಗ್ ಮಾಡಿದ್ದಾರೆ.

ವೈರಿನ ತುದಿಗೆ ಹಾಕುವ ಲಗ್ ತರಲು ಊರೊಳಗೆ ಹೋದಾಗ ಸ್ಮಶಾನದಲ್ಲಿ ಹಾಜಿ ಅಲಿಯ ಸಮಾಧಿ ನೋಡಿದೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಒಂಟೆ ತರಿಸಿದಾಗ ಜತೆಗೆ ಬಂದವನು, 1902ರಲ್ಲಿ ಇಲ್ಲೇ ತೀರಿಕೊಂಡ. ಕಲ್ಲಿನ ಪಿರಮಿಡ್, ತುದಿಯಲ್ಲಿ ಲೋಹದ ಒಂಟೆ. ಆ ಕಡೆ ಹೋದರೆ ತಪ್ಪಿಸಬೇಡಿ.

ಈಗ ಫ್ಯೂಸ್ ಬಾಕ್ಸ್‌ನಿಂದ ನೇರ 10 ಗೇಜ್, 15 ಆಂಪ್ ಫ್ಯೂಸ್, ಲೈಟರ್ ಸಾಕೆಟ್ ಜಾಗದಲ್ಲಿ ಬಿಗಿಯಾಗಿ ಕೂರುವ ಆಂಡರ್ಸನ್ ಕನೆಕ್ಟರ್. ಡ್ರಾಪ್ 0.2. ರಾತ್ರಿ ಎರರ್ ಇಲ್ಲ.

ಮುಂದಿನದು ವೆಟ್ ಗ್ರೈಂಡರ್. ಸಣ್ಣದು 150 ವಾಟ್ ಅಂದರೂ ಇನ್ವರ್ಟರ್ ನಷ್ಟ ಸೇರಿ 15 ಆಂಪ್ ಎಳೆಯುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ರುಬ್ಬಿದರೆ ಬ್ಯಾಟರಿಗೆ ಭಾರ ಜಾಸ್ತಿ ಆಗಲ್ಲ. ನನ್ನ ಚಿಂತೆ ಮೋಟಾರ್ ಶುರುವಾಗುವ ಕ್ಷಣ ಜಾಸ್ತಿ ಎಳೆಯುವ ಸ್ಟಾರ್ಟಿಂಗ್ ಕರೆಂಟಿನದು. 300 ವಾಟ್ ಇನ್ವರ್ಟರ್ ತಡೆಯುತ್ತಾ, 600ರದ್ದೇ ಬೇಕಾ? ಓಡಿಸಿದವರು ಹೇಳಿ, ಅಲ್ಲಿವರೆಗೆ ಇನ್ವರ್ಟರ್ ಕೊಳ್ಳಲ್ಲ.