ಬನ್ನೂರು ಕುರಿಯ ಯಕೃತ್ತಿನಲ್ಲಿ ಕಂಡ ಗುಳ್ಳೆ ಯಾವ ತಳಿಯದು?

ಬನ್ನೂರಿನ ಹತ್ತಿರದ ಊರೊಂದರಲ್ಲಿ ಮಾರಿಹಬ್ಬಕ್ಕೆ ಕೊಯ್ದ ಕುರಿಯ ಯಕೃತ್ತನ್ನು ರೈತರೊಬ್ಬರು ಬಾಳೆಎಲೆಯಲ್ಲಿ ಸುತ್ತಿಕೊಂಡು ಬಂದು, "ಇದೇನ್ ನೋಡಿ ಡಾಕ್ಟ್ರೇ, ತಿನ್ಬೋದಾ?" ಎಂದು ಕೇಳಿದರು. ನಿಂಬೆಹಣ್ಣಿನಷ್ಟು ದಪ್ಪದ, ಬಿಳಿಚಿದ ಗುಳ್ಳೆಯೊಂದು ಅದರಲ್ಲಿ ಹುದುಗಿತ್ತು. ಸಿರಿಂಜಿನಿಂದ ಹೀರಿದ ನೀರನ್ನು ಗಾಜಿನ ಕೊಳವೆಗೆ ಬಿಟ್ಟಾಗ ತಳದಲ್ಲಿ ನಯವಾದ ಮರಳಿನಂಥ ಕಣಗಳು ಕೂತವು. ನಾಯಿಯ ಕರುಳನ್ನು ಸೇರಿದರೆ ಆ ಒಂದೊಂದು ಕಣವೂ ಒಂದೊಂದು ಲಾಡಿಹುಳುವಾಗಬಲ್ಲದು.

ಎಕಿನೊಕಾಕಸ್ ಗ್ರ್ಯಾನುಲೋಸಸ್ ಎಂಬ ಈ ಹುಳು ಬೆಳೆದರೂ ಕೆಲವೇ ಮಿಲಿಮೀಟರಿನಷ್ಟು. ನಾಯಿಯ ಮಲದಲ್ಲಿ ಹೊರಬಿದ್ದ ಅದರ ಮೊಟ್ಟೆ ಮೇವು, ನೀರಿನ ಮೂಲಕ ಜಾನುವಾರುಗಳಿಗೂ, ತೊಳೆಯದ ಕೈಯಿಂದ ಮನುಷ್ಯರಿಗೂ ದಾಟಿ, ಒಡಲೊಳಗೆ ಇಂಥ ಗುಳ್ಳೆಯಾಗಿ ಬೆಳೆಯುತ್ತದೆ. ಇದು ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ನನ್ನನ್ನು ಕಾಡುವುದು ಹುಳುವಿನ ತಳಿಯ ಪ್ರಶ್ನೆ.

ಹಿಂದೆ ತಳಿಗಳನ್ನು ಪ್ರಾಣಿಗಳ ಹೆಸರಿನಿಂದಲೇ ಕರೆಯುತ್ತಿದ್ದರು: ಜಿ1 ಕುರಿಯ ತಳಿ, ಜಿ3 ಎಮ್ಮೆಯ ತಳಿ, ಜಿ5 ದನದ ತಳಿ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಜಿ1 ಮತ್ತು ಜಿ3. ಆದರೆ 'ಎಮ್ಮೆಯ ತಳಿ' ಕುರಿಗಳಲ್ಲೂ ಮನುಷ್ಯರಲ್ಲೂ ಕಂಡುಬಂದಿರುವುದರಿಂದ, ಹೆಸರನ್ನೇ ನಂಬಿ ಎಮ್ಮೆಯೊಂದರ ಮೇಲೆ ಕಣ್ಣಿಟ್ಟರೆ ಮೋಸಹೋಗುತ್ತೇವೆ. ಜಿ1, ಜಿ3 ಈಗ ಒಂದೇ ಪ್ರಭೇದಕ್ಕೆ ಸೇರಿವೆ. ಜಿ5 ಮಾತ್ರ ಎಕಿನೊಕಾಕಸ್ ಆರ್ಟ್ಲೆಪ್ಪಿ ಎಂಬ ಬೇರೆಯೇ ಪ್ರಭೇದ.

ಈ ನಂಟನ್ನು ಬಿಡಿಸಿದ್ದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ. ಒಂದು ಜೀವಕೋಶದಲ್ಲಿ ಅದರ ಪ್ರತಿಗಳು ಬಹಳ ಇರುವುದರಿಂದ ಗುಳ್ಳೆಯ ಒಳಪೊರೆಯ ಚೂರೊಂದು ಸಿಕ್ಕರೂ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲುಮಾಡಿ ಹೆಚ್ಚಿಸುವ ವಿಧಾನ) ಮಾಡಬಹುದು. 1992ರಲ್ಲಿ ಅದರ ಕಾಕ್ಸ್1 ಎಂಬ ಜೀನಿನ 366 ಡಿಎನ್‌ಎ ಅಕ್ಷರಗಳ ತುಣುಕನ್ನು ಹೋಲಿಸಿ ತಳಿಗಳನ್ನು ವಿಂಗಡಿಸಿದರು. ಆ ಪುಟ್ಟ ತುಣುಕಿನಲ್ಲಿ ಜಿ1ಕ್ಕೂ ಜಿ3ಕ್ಕೂ ಇರುವ ವ್ಯತ್ಯಾಸ ಬೆರಳೆಣಿಕೆಯಷ್ಟು ಮಾತ್ರ. ಸುಮಾರು 13,600 ಅಕ್ಷರಗಳ ಇಡೀ ಮೈಟೊಕಾಂಡ್ರಿಯದ ಜೀನೋಮನ್ನು ಓದಿದ ಮೇಲೆ, ಇವೆರಡನ್ನು ಬೇರ್ಪಡಿಸಲು ಅದರಲ್ಲಿನ ನ್ಯಾಡ್5 ಎಂಬ ಇನ್ನೊಂದು ಜೀನು ಹೆಚ್ಚು ನಂಬಿಕೆಯದೆಂದು ತಿಳಿಯಿತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸಾಮಾನ್ಯವಾಗಿ ಒಂದು ಗುಳ್ಳೆ ಹುಟ್ಟುವುದು ಒಂದೇ ಮೊಟ್ಟೆಯಿಂದ. ಒಂದೇ ಯಕೃತ್ತಿನ ಎರಡು ಗುಳ್ಳೆಗಳು ಎರಡು ತಳಿಯವಾಗಿರಬಹುದಾದ್ದರಿಂದ ಅವನ್ನು ಒಂದೇ ಸೀಸೆಯಲ್ಲಿ ಬೆರೆಸಬಾರದು.

ತಳಿ ತಿಳಿದರೆ ರೈತರಿಗೇನು ಲಾಭ ಎಂದು ಕೇಳುವವರಿದ್ದಾರೆ. ಜಿ1 ತಳಿಯ ಗುಳ್ಳೆ ಕುರಿಯಲ್ಲಿ ಹೆಚ್ಚಾಗಿ ಮರಿಕಣಗಳನ್ನು ಕಟ್ಟುತ್ತದೆ, ದನದಲ್ಲಿ ಬಹುಪಾಲು ಬಂಜೆಯಾಗುತ್ತದೆ. ಜಿ5 ಆದರೆ ದನದಲ್ಲೇ ಫಲವತ್ತಾಗುತ್ತದೆ, ನಾಯಿಯ ಕರುಳಿನಲ್ಲೂ ಬೇಗ ಬಲಿಯುತ್ತದೆ. ಹಾಗಾಗಿ ನಾಯಿಗೆ ಲಾಡಿಹುಳುವನ್ನು ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಎಷ್ಟು ವಾರಕ್ಕೊಮ್ಮೆ ಕೊಡಬೇಕೆಂಬ ಲೆಕ್ಕವೇ ತಳಿಯ ಮೇಲೆ ನಿಂತಿದೆ.

ಒಳಪೊರೆಯ ಚೂರನ್ನು ಎಥನಾಲ್ ಸೀಸೆಗೆ ಹಾಕಿ, ಊರು, ಪ್ರಾಣಿ, ಅಂಗ, ದಿನಾಂಕವನ್ನು ಬರೆದು ಅಂಟಿಸಿದೆ. ಉಳಿದದ್ದನ್ನು ಆ ರೈತರೂ ನಾನೂ ಹಿತ್ತಲಲ್ಲಿ ಸೊಂಟದಾಳದ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದೆವು. ಅವರ ನಾಯಿ ಅಷ್ಟು ಹೊತ್ತೂ ಬೇಲಿಯ ಬಳಿಯೇ ಕಾಯುತ್ತಿತ್ತು.