ದೆವ್ವ ಅನ್ನುವ ಮುಂಚೆ ಟೆಸ್ಟರ್ ಹಿಡೀರಿ

“ಮನ್ಯಾಗ ಏನೋ ಐತ್ರಿ” ಅಂತ ಯಾರಾದರೂ ಅಂದರೆ ಮೊದಲು ಕೇಳಬೇಕಾದ್ದು ಏನು ಕಂಡಿತು ಅಂತಲ್ಲ, ಯಾವ ತಿಂಗಳು, ಎಷ್ಟು ಗಂಟೆಗೆ ಅಂತ. ಕಂಡದ್ದು ಕೇಳಿದರೆ ಕಥೆ ಬರುತ್ತದೆ, ಹೊತ್ತು ಕೇಳಿದರೆ ಸುಳಿವು ಸಿಗುತ್ತದೆ. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಮಳೆಯೋ ಬಿಸಿಲೋ, ಕರೆಂಟ್ ಇತ್ತೋ ಇಲ್ಲವೋ, ಎಚ್ಚರಿದ್ದವರು ಯಾರು, ಇಷ್ಟು ಬರೆದಿಡಿ. ಏನೂ ಆಗದ ರಾತ್ರಿಯನ್ನೂ ಬರೆಯಬೇಕು. ಬಹಳ ಮಂದಿ ತಪ್ಪುವುದು ಇಲ್ಲೇ. ಸದ್ದಾದ ಅಮಾವಾಸ್ಯೆ ನೆನಪಿರುತ್ತದೆ, ಸುಮ್ಮನೆ ಕಳೆದ ಮೂರು ಅಮಾವಾಸ್ಯೆ ಮರೆತೇ ಹೋಗಿರುತ್ತವೆ.

ನವಲಗುಂದ, ಅಣ್ಣಿಗೇರಿ, ರೋಣದ ಕಡೆಯ ಮನೆಯಾದರೆ ನೆಲದ ಮೇಲೇ ಮೊದಲ ಅನುಮಾನ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಮಣ್ಣೇ ಪಾಯದ ಕೆಳಗೂ ಇದೆ. ಪಾಯ ಆಳಕ್ಕೆ ಹೋಗಿರದಿದ್ದರೆ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಬಿಗಿದು ಕೂತಿದ್ದ ಬಾಗಿಲು ಬೇಸಿಗೆಯಲ್ಲಿ ತಾನೇ ಕಿರ್ರೆಂದು ತೆರೆಯುತ್ತದೆ. ಗೌಂಡಿಯನ್ನು ಕರೆದು ಚೌಕಟ್ಟಿಗೆ ತೂಗುಗುಂಡು ಹಿಡಿಸಿ. ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಪಟ್ಟಿ ಹರಿದರೆ ಓಡಾಡುತ್ತಿರುವುದು ಗೋಡೆ. ಮೇಲೆ ತಗಡು ಇದ್ದರೆ ಹೊತ್ತು ಮುಳುಗಿದ ಮೇಲೆ ಅದು ತಣ್ಣಗಾಗಿ ಕುಗ್ಗುವಾಗ ಟಪ್, ಟಪ್ ಅನ್ನುತ್ತದೆ, ಥೇಟ್ ಯಾರೋ ನಡೆದಾಡಿದಂತೆ. ಬೆಳಗಿನ ಜಾವ ಆ ಸದ್ದು ಕಡಿಮೆ. ಆಗಲೂ ಜೋರಾಗಿ ಕೇಳಿದರೆ ಇಲಿ, ಬೆಕ್ಕು, ಇಲ್ಲವೆ ಬಿಳಿ ಮುಖದ ಗೂಬೆ. ಆ ಗೂಬೆ ಗೂಕ್ ಗೂಕ್ ಅನ್ನುವುದಿಲ್ಲ, ಸೀಳುದನಿಯಲ್ಲಿ ಚೀರುತ್ತದೆ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬು ಮಂಕಾಗಿ ಹೊಳೆಯುತ್ತದೆ ಅನ್ನುವ ದೂರು ಈಗೀಗ ಜಾಸ್ತಿ. ಕಾರಣ ಸಾಮಾನ್ಯವಾಗಿ ಎರಡು. ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುತ್ತಾನೆ, ಇಲ್ಲವೆ ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ದೀಪದ ಮೂಲಕ ಚೂರು ಕರೆಂಟ್ ಹರಿಯುತ್ತಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಹೇಳಿ, ಸ್ವಿಚ್ ಆಫ್ ಇದ್ದಾಗ ಹೋಲ್ಡರಿನಲ್ಲಿ ಟೆಸ್ಟರ್ ಇಟ್ಟು ನೋಡಲಿ. ಇಂಡಿಕೇಟರ್ ಇಲ್ಲದ ಸ್ವಿಚ್ಚಿನಲ್ಲೂ ಟೆಸ್ಟರ್ ಜೋರಾಗಿ ಹತ್ತಿದರೆ ಬಹುಶಃ ಫೇಸು-ನ್ಯೂಟ್ರಲ್ ಅದಲು ಬದಲಾಗಿದೆ. ಇದನ್ನು ಮುಂದೂಡಬೇಡಿ. ಬಲ್ಬು ಬದಲಿಸಲು ಹೋದವರಿಗೆ ಶಾಕ್ ಹೊಡೆಯುತ್ತದೆ, ಅದು ದೆವ್ವಕ್ಕಿಂತ ಕೆಟ್ಟದ್ದು. ಸಿಸಿಟಿವಿಯಲ್ಲಿ ತೇಲುವ ಬಿಳಿ ಆಕೃತಿಗೆ ಒಂದೇ ಔಷಧ: ಕ್ಯಾಮೆರಾ ಮುಂದಿನ ಜೇಡರ ಬಲೆ ಒರೆಸುವುದು.

ಇವೆಲ್ಲ ಹೆದರಿಸುತ್ತವೆ ಅಷ್ಟೆ. ಜೀವ ತೆಗೆಯುವುದು ಹಗೇವು. ಹಳೇ ವಾಡೆಗಳಲ್ಲಿ, ಊರ ಬಯಲಿನಲ್ಲಿ ಜೋಳ ತುಂಬಿಡುತ್ತಿದ್ದ ನೆಲದಡಿಯ ಕಣಜ. ಇಳಿದವನು ಸದ್ದಿಲ್ಲದೆ ಕುಸಿಯುತ್ತಾನೆ, ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. “ಒಳಗಿಂದು ಎಳಕೊಂಡ್ತು” ಅಂತ ಊರು ಮಾತಾಡುತ್ತದೆ. ಕಾಳು ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಅದು ಆಮ್ಲಜನಕ ಕುಡಿದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆ ಅನಿಲ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅದು 16ರ ಸುತ್ತ ಇಳಿದರೆ ದೀಪ ಆರುತ್ತದೆ, 10ಕ್ಕಿಂತ ಕೆಳಗೆ ಹೋದರೆ ಮನುಷ್ಯ ಕೂಗುವ ಮೊದಲೇ ಎಚ್ಚರ ತಪ್ಪುತ್ತಾನೆ. ಬಾಯಿ ತೆಗೆದು ಇಡೀ ದಿನ ಬಿಡಿ, ಬ್ಲೋವರ್ ಇದ್ದರೆ ಪೈಪನ್ನು ತಳದವರೆಗೆ ಇಳಿಸಿ ಗಾಳಿ ಹಾಕಿ, ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳ ಮುಟ್ಟಿಸಿ. ಆರಿದರೆ ಯಾರೂ ಇಳಿಯಕೂಡದು. ಆರಲಿಲ್ಲ ಅಂದಮಾತ್ರಕ್ಕೆ ಕ್ಷೇಮ ಅಂತಲೂ ಅಲ್ಲ. ಇಳಿಯುವವನ ಎದೆಗೆ ಹಗ್ಗ ಬಿಗಿದಿರಲಿ, ಮೇಲೆ ಇಬ್ಬರು ಹಿಡಿದು ನಿಂತಿರಲಿ. ಬಿದ್ದವನನ್ನು ಎಳೆಯಬೇಕೇ ಹೊರತು ಹಿಂದೆ ಇಳಿಯಬಾರದು.

ನೆದರು, ಅಂದರೆ ದೃಷ್ಟಿ, ತೆಗೆಯುವುದರಲ್ಲೂ ಒಂದು ಮಜಾ ಇದೆ. ಮೆಣಸಿನಕಾಯಿ, ಉಪ್ಪು ಇಳಿತೆಗೆದು ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ನೆದರು ಆಗಿದೆ ಅಂತ ಲೆಕ್ಕ. ಧಗಧಗ ಉರಿಯುವ ಬೆಂಕಿಗೆ ಹಾಕಿದರೆ ಖಾರದ ಅಂಶವೂ ಸುಟ್ಟುಹೋಗಿ ಘಾಟು ಏಳುವುದು ಕಡಿಮೆ. ಕೆಂಡದ ಮೇಲೆ ಹಾಕಿದರೆ ಹೊಗೆಯಾಗಿ ಎದ್ದು ಓಣಿಯೆಲ್ಲ ಕೆಮ್ಮುತ್ತದೆ. ಜತೆಗೆ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರಲ್ಲೂ ಡಬ್ಬಿ ತಳಿ ಹಾಕಿದರೆ ನಮ್ಮ ಸೀಮೆಯ ಅರ್ಧ ಕೂಸುಗಳಿಗೆ ನೆದರು ಆಗಿದೆ ಅಂತಲೇ ಬರುತ್ತದೆ. ಗುಂಟೂರು ಕಾಯಿ ಹಾಕಿ ನೋಡಿ, ಯಾರಿಗೂ ಆಗಿರುವುದಿಲ್ಲ! ಆದರೂ ಅಜ್ಜಿ ಕೂಸನ್ನು ಮುಂದೆ ಕೂರಿಸಿಕೊಂಡು ಮುಖಕ್ಕೆ ಮೂರು ಸುತ್ತು ಕೈಯಾಡಿಸುವುದನ್ನು ನಿಲ್ಲಿಸಿ ಅಂತ ನಾನು ಹೇಳಲಾರೆ. ಕೂಸಿಗೆ ಜ್ವರ ಇದೆಯೋ ಅಂತ ಆ ಕೈಯೇ ನೋಡಲಿ.

ನಡುರಾತ್ರಿ ಎದೆಯ ಮೇಲೆ ಏನೋ ಕೂತು ಒತ್ತಿದಂತೆ, ಕಣ್ಣು ತೆರೆದಿದ್ದರೂ ಕೈಕಾಲು ಅಲ್ಲಾಡದಂತೆ ಆಗುವುದು ನೂರಕ್ಕೆ ಏಳೆಂಟು ಮಂದಿಗೆ ಒಮ್ಮೆಯಾದರೂ ಆಗಿರುತ್ತದೆ. ಕನಸಿನ ನಿದ್ದೆಯಲ್ಲಿ ಮೆದುಳು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಎಚ್ಚರ ಮುಂಚೆ ಬಂದು ಮೈ ಹಿಂದೆ ಉಳಿದರೆ ಹೀಗೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅಂಗಾತ ಮಲಗಿದವರಿಗೆ, ನೈಟ್ ಶಿಫ್ಟ್ ಮಾಡುವವರಿಗೆ, ನಿದ್ದೆಗೆಟ್ಟವರಿಗೆ ಜಾಸ್ತಿ. ಮೈಯೆಲ್ಲ ಕೊಡವಲು ಹೋಗದೆ ಒಂದೇ ಬೆರಳು ಅಲ್ಲಾಡಿಸಲು ನೋಡಿ. ಹಗಲಲ್ಲೂ ದನಿ ಕೇಳುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಫೋನಿನಲ್ಲೇ ಸಲಹೆ ಕೊಡುವ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಇಷ್ಟು ಹೇಳುವಷ್ಟರಲ್ಲಿ “ಹಂಗಾರ ದೇವರೂ ಇಲ್ಲೇನ್ರಿ?” ಅಂತ ಯಾರಾದರೂ ಕೇಳುತ್ತಾರೆ. ದೆವ್ವ ಕಂಡಿತು, ಆದ್ದರಿಂದ ದೇವರಿದ್ದಾನೆ ಅಂತ ನಂಬಿದವರಿಗೆ ಫೇಸು-ನ್ಯೂಟ್ರಲ್ ಸರಿಮಾಡಿದ ದಿನ ಕಷ್ಟ. ಆದರೆ ಇಲ್ಲಿನ ನಂಬಿಕೆ ಬಹಳಷ್ಟು ಹಾಗಿಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮೈಲಾರಲಿಂಗನ ಸೇವೆಯ ಗೊರವಯ್ಯ ಎತ್ತರದ ಬಿಲ್ಲೇರಿ “ಸದ್ದಲೇ” ಅಂದರೆ ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಆಮೇಲೆ ಬರುವುದು ಒಂದು ಸಾಲಿನ ಕಾರಣಿಕ, ಅಂದರೆ ಮುಂದಿನದನ್ನು ಹೇಳುವ ದೈವವಾಣಿ. ಅದನ್ನು ರೈತ ಮಳೆಗೆ ಹೊಂದಿಸುತ್ತಾನೆ, ವ್ಯಾಪಾರಿ ದರಕ್ಕೆ, ಪುಢಾರಿ ಕುರ್ಚಿಗೆ. ಅಂದೇ ಅರ್ಥ ಬರೆದಿಟ್ಟು ವರ್ಷದ ಕೊನೆಗೆ ತಾಳೆ ನೋಡುವವರು ಅಪರೂಪ, ಆದರೂ ಮುಂದಿನ ದಸರೆಗೆ ಮತ್ತೆ ಬರುತ್ತಾರೆ. ಸರಿಯಾಯಿತೋ ತಪ್ಪಾಯಿತೋ ಅನ್ನುವುದರ ಮೇಲೆ ಆ ಭಕ್ತಿ ನಿಂತೇ ಇಲ್ಲ, ಹಾಗಾಗಿ ಟೆಸ್ಟರಿಗೆ ಅದು ಹೆದರಬೇಕಾಗಿಯೂ ಇಲ್ಲ. ಹೆದರಬೇಕಾದವರು ಭಯ ಮಾರುವವರು.

ಕಾನೂನೂ ಇದೇ ಗೆರೆ ಎಳೆದಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಪೂಜೆ, ಪ್ರದಕ್ಷಿಣೆ, ಜಾತ್ರೆಯನ್ನು ಅದು ಮುಟ್ಟುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿದರೆ, ಹೊಡೆದರೆ, ಮೆಣಸಿನಕಾಯಿ ಹೊಗೆ ಕೊಟ್ಟರೆ ಒಂದರಿಂದ ಏಳು ವರ್ಷ ಜೈಲು. ಹಾವು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುತ್ತ ಕೂತರೂ ಅಪರಾಧ. ಮನೆಯ ಹಿರಿಯರು ಅಂತ್ರ (ಮಂತ್ರಿಸಿದ ತಾಯಿತ) ಕಟ್ಟಿಸಲೇಬೇಕು ಅಂತ ಹಟ ಹಿಡಿದರೆ ವಾದ ಮಾಡುತ್ತ ಹೊತ್ತು ಕಳೆಯಬೇಡಿ. ಗಾಡಿಯಲ್ಲಿ ಕೂತೇ ಕಟ್ಟಿಸಿಕೊಳ್ಳಲಿ, ಗಾಡಿ ಆಸ್ಪತ್ರೆ ಕಡೆ ಹೊರಟಿರಲಿ. ಅಂತ್ರದ ದಾರ ಮಾತ್ರ ಬಿಗಿಯಾಗಬಾರದು, ಹಾವು ಕಚ್ಚಿದ ಕೈಕಾಲು ಬಾತುಕೊಳ್ಳುತ್ತದೆ.